ಒಂದೂ ಪಾಯಿಂಟ್ ಇಲ್ಲದ ಆಟಗಾರ್ತಿಯೂ ನಮ್ಮ ಗೋಡೆಯ ಮೇಲೆ

ಟೆಕ್ಸಸ್‌ನ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಹಳೆಯ ಆಟಗಾರರನ್ನು, ಕೋಚ್‌ಗಳನ್ನು, ಅವರ ಬೆನ್ನಿಗೆ ನಿಂತವರನ್ನು ಗೌರವಿಸುವ ಕಮಿಟಿಯಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಇಲ್ಲಿ ಅದಕ್ಕೆ ಹಾಲ್ ಆಫ್ ಆನರ್ ಅಂತ ಹೆಸರು. ಹೈಸ್ಕೂಲಿನ ಜಿಮ್ ಹೊರಗೋಡೆಯ ಮೇಲೆ ಫಲಕ, ವರ್ಷಕ್ಕೊಂದು ಊಟದ ಕಾರ್ಯಕ್ರಮ, ಶುಕ್ರವಾರ ರಾತ್ರಿ ಫುಟ್‌ಬಾಲ್ ಪಂದ್ಯದ ಹಾಫ್‌ಟೈಮ್‌ನಲ್ಲಿ ಮೈದಾನದಲ್ಲೇ ಪರಿಚಯ. ಹೊರಗಿನಿಂದ ನೋಡಿದರೆ ಇಷ್ಟೇ. ಒಳಗೆ ಎಷ್ಟು ಕೆಲಸ ಇದೆ ಅಂತ ಸೇರಿದ ಮೇಲೇ ಗೊತ್ತಾಗಿದ್ದು. ಇತ್ತೀಚೆಗೆ ಪರಿಚಯದ ಕನ್ನಡದವರೊಬ್ಬರು, ನಮ್ಮ ಡಿಸ್ಟ್ರಿಕ್ಟ್‌ನಲ್ಲೂ ಶುರು ಮಾಡ್ತಿದ್ದಾರೆ, ನೀವು ಹೇಗೆ ಮಾಡಿದಿರಿ ಅಂತ ಕೇಳಿದರು. ಫೋನಿನಲ್ಲಿ ಹೇಳಿ ಮುಗಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿನ ವ್ಯವಸ್ಥೆ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಊರಿನ, ಅಥವಾ ಅಕ್ಕಪಕ್ಕದ ಕೆಲವು ಊರುಗಳ ಸರ್ಕಾರಿ ಶಾಲೆಗಳೆಲ್ಲ ಸೇರಿ ಒಂದು ಡಿಸ್ಟ್ರಿಕ್ಟ್. ಅದಕ್ಕೆ ಜನರೇ ಆರಿಸಿದ ಬೋರ್ಡ್ ಇರುತ್ತದೆ, ಮನೆ ಜಾಗದ ತೆರಿಗೆಯಲ್ಲಿ ಅದಕ್ಕೊಂದು ಪಾಲು ಹೋಗುತ್ತದೆ. ಆಟಗಳನ್ನೆಲ್ಲ ನೋಡಿಕೊಳ್ಳುವವರು ಅಥ್ಲೆಟಿಕ್ ಡೈರೆಕ್ಟರ್. ಇಡೀ ರಾಜ್ಯದ ಸರ್ಕಾರಿ ಹೈಸ್ಕೂಲ್ ಕ್ರೀಡೆಗಳ ನಿಯಮ ಮಾಡುವುದು ಯುಐಎಲ್ ಅನ್ನುವ ಸಂಸ್ಥೆ. ಮತ್ತೆ ಫುಟ್‌ಬಾಲ್ ಅಂದರೆ ಇಲ್ಲಿ ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲ್. ಅದರ ತೂಕ ಎಷ್ಟು ಅಂದರೆ, ಡಲ್ಲಾಸ್ ಹತ್ತಿರದ ಆಲನ್ ಊರಿನ ಹೈಸ್ಕೂಲ್ ತಂಡಕ್ಕೆ 2012ರಲ್ಲಿ ತೆರೆದ ಸ್ಟೇಡಿಯಂಗೆ ಸುಮಾರು 6 ಕೋಟಿ ಡಾಲರ್ ಖರ್ಚಾಗಿದೆ, 18,000 ಜನ ಕೂರಬಹುದು. ಹೈಸ್ಕೂಲ್ ಮಕ್ಕಳ ಆಟಕ್ಕೆ! ಈ ತೂಕ ಕಮಿಟಿಯ ಮೇಜಿನ ಮೇಲೂ ಬಂದು ಕೂರುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ನನ್ನ ಮಗಳು ಕ್ರಾಸ್ ಕಂಟ್ರಿ ಓಡುತ್ತಿದ್ದಳು. ಹಾಗಾಗಿ ಶಾಲೆಯ ತಂಡಗಳಿಗೆ ಹಣ ಕೂಡಿಸುವ ಪೋಷಕರ ಗುಂಪು, ಅಂದರೆ ಬೂಸ್ಟರ್ ಕ್ಲಬ್ ಸೇರಿದೆ. ಪಂದ್ಯದ ದಿನ ತಿಂಡಿ ಮಾರುವ ಕಿಟಕಿಯಲ್ಲಿ ನಿಂತು ನಾಚೋಸ್ ಮೇಲೆ ಚೀಸ್ ಸುರಿದೆ. ಅಲ್ಲಿಂದ ಕಮಿಟಿಗೆ ಬಡ್ತಿ. ಕಾರಣ ಏನು ಅಂತೀರಾ, ನನಗೆ ಎಕ್ಸೆಲ್ ಬರುತ್ತೆ ಅಂತ. ಬೆಂಗಳೂರಿನವರು ಅಂದ ಕೂಡಲೇ ಇಲ್ಲಿ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಈ ಸಲ ಅದು ಉಪಯೋಗಕ್ಕೆ ಬಂತು.

ಮೊದಲು ನಿಯಮ ಬರೆದೆವು. ಹೆಸರುಗಳು ಬರುವುದಕ್ಕೆ ಮುಂಚೆಯೇ ಬರೆಯಬೇಕು, ಇದರಲ್ಲಿ ರಾಜಿ ಬೇಡ. ಹೆಸರು ಬಂದ ಮೇಲೆ ಬರೆದ ಪ್ರತಿ ನಿಯಮವೂ ಯಾರೋ ಒಬ್ಬರ ಪರ, ಇನ್ಯಾರದೋ ವಿರುದ್ಧ ಅಂತಲೇ ಕಾಣುತ್ತದೆ. ಆಟಗಾರರಾದರೆ ಹೈಸ್ಕೂಲ್ ಮುಗಿಸಿ ಹತ್ತು ವರ್ಷ ಆಗಿರಬೇಕು ಅಂತ ಇಟ್ಟೆವು. ಕೋಚ್ ಆದರೆ ಡಿಸ್ಟ್ರಿಕ್ಟ್‌ನ ಕೆಲಸ ಬಿಟ್ಟಿರಬೇಕು. ಕೆಲಸದಲ್ಲಿರುವ ಕೋಚ್‌ಗೆ ಗೌರವ ಕೊಡಲು ಹೋದರೆ, ಅವರ ತಂಡದಲ್ಲಿ ಮಗ ಆಡುತ್ತಿರುವ ಅಪ್ಪಂದಿರೇ ಮುಂದೆ ನಿಂತು ಹೆಸರು ಸೂಚಿಸುತ್ತಾರೆ, ಅಲ್ವಾ? ಅದೂ ಅಲ್ಲದೆ ಕೋಚಿಂಗ್ ಮೆಚ್ಚಿ ಕೊಡುವ ಉಡುಗೊರೆ ಒಂದು ವರ್ಷಕ್ಕೆ ಒಟ್ಟು 500 ಡಾಲರ್ ದಾಟಬಾರದು ಅಂತ ಯುಐಎಲ್ ನಿಯಮ ಇದೆ. ನಿವೃತ್ತರಾದವರ ವಿಷಯದಲ್ಲಿ ಈ ತಲೆನೋವೇ ಇಲ್ಲ. ಸಂಬಂಧಿಕರ ಹೆಸರು ಚರ್ಚೆಗೆ ಬಂದರೆ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು. ವೋಟು ಗುಟ್ಟಾಗಿ ಚೀಟಿಯಲ್ಲಿ. ಆಯ್ಕೆ ಆಗದ ಅರ್ಜಿ ಮೂರು ವರ್ಷ ಕಡತದಲ್ಲಿ ಉಳಿಯುತ್ತದೆ, ಮತ್ತೆ ಮತ್ತೆ ಬರೆದುಕೊಡಬೇಕಿಲ್ಲ. ಇನ್ನೊಂದು, ಹೆಸರು ತೆಗೆಯುವ ನಿಯಮ. ಗಂಭೀರ ಅಪರಾಧ ಸಾಬೀತಾದರೆ ಫಲಕ ಇಳಿಸಲು ಬೋರ್ಡ್‌ಗೆ ಅಧಿಕಾರ ಇದೆ ಅಂತ. ಅದನ್ನು ಬರೆಯುವಾಗ ಎಲ್ಲರಿಗೂ ಮುಜುಗರ, ಆದರೆ ಮಕ್ಕಳ ಜೊತೆ ಕೆಲಸ ಮಾಡಿದವರ ಪಟ್ಟಿ ಇದು, ಇರಲೇಬೇಕು.

ಆಟಗಾರರ ಶಾಲೆಯ ಮಾರ್ಕ್ಸ್ ನೋಡಬೇಕು ಅಂತ ಒಬ್ಬರು ಹಟ ಹಿಡಿದರು. ಅದು ಆಗದ ಮಾತು. 1974ರ ಫರ್ಪಾ ಕಾನೂನಿನ ಪ್ರಕಾರ ವಿದ್ಯಾರ್ಥಿಯ ದಾಖಲೆ ಗುಟ್ಟು, ಅವರು ಶಾಲೆ ಬಿಟ್ಟು ಎಷ್ಟೇ ವರ್ಷ ಆಗಿರಲಿ. ಯಾವ ಆಟ ಆಡಿದರು, ಏನು ಪ್ರಶಸ್ತಿ ಬಂತು ಅನ್ನುವ ಮಟ್ಟಿಗೆ ಮಾಹಿತಿ ಕೊಡಬಹುದು. ನಮಗೆ ಅಷ್ಟು ಸಾಕಿತ್ತು.

ಈಗ ನಿಜವಾದ ಕೆಲಸ. ಅರ್ಜಿಗಳು ಬಂದವು. ತೆರೆದು ನೋಡಿದರೆ ಬಹುಪಾಲು ಫುಟ್‌ಬಾಲ್, ಅದರಲ್ಲೂ ಬಾಲ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗಳು, ಅದರಲ್ಲೂ ಇತ್ತೀಚಿನವರು. ತಪ್ಪೇನಿಲ್ಲ, ಜನ ನೆನಪಿದ್ದವರನ್ನು ತಾನೇ ಸೂಚಿಸುವುದು. ಆದರೆ ಅರ್ಜಿ ಬಂದವರಲ್ಲಿ ಮಾತ್ರ ಆರಿಸುತ್ತಾ ಹೋದರೆ ಗೋಡೆ ತುಂಬ ಒಂದೇ ಥರದ ಮುಖ. ಆದ್ದರಿಂದ ಕಮಿಟಿಯೇ ಹುಡುಕಬೇಕು ಅಂತ ತೀರ್ಮಾನಿಸಿದೆವು. ದಶಕಕ್ಕೊಂದು, ಆಟಕ್ಕೊಂದು ಅಂತ ಚೌಕ ಹಾಕಿದ ಒಂದು ದೊಡ್ಡ ಶೀಟ್ ಮಾಡಿದೆ. ಖಾಲಿ ಇರುವ ಚೌಕಗಳನ್ನು ನೋಡಿ ಹುಡುಕಲು ಹೊರಡುವುದು. ಮೀಸಲಾತಿ ಅಲ್ಲ, ಖಾಲಿ ಚೌಕಕ್ಕೆ ಯಾರನ್ನಾದರೂ ತುಂಬಲೇಬೇಕು ಅಂತೇನಿಲ್ಲ. ಆದರೆ ಹುಡುಕದೆ ಬಿಡಬಾರದು.

ಹಳೆಯ ದಾಖಲೆ ಹೋಲಿಸುವುದು ಒಂದು ದೊಡ್ಡ ತಲೆಬಿಸಿ. 1980ರ ಸುಮಾರಿನವರೆಗೂ ಇಲ್ಲಿ ಓಟ ಗಜದ ಲೆಕ್ಕದಲ್ಲಿತ್ತು. 440 ಗಜ ಅಂದರೆ 402.34 ಮೀಟರ್. ಅಂದಿನ 440 ಓಟಗಾರ ಇಂದಿನ 400 ಮೀಟರ್‌ನವನಿಗಿಂತ ಎರಡು ಮೀಟರ್‌ಗೂ ಜಾಸ್ತಿ ಓಡಿದ್ದಾನೆ. ಸುಮಾರು 0.3 ಸೆಕೆಂಡ್ ವ್ಯತ್ಯಾಸ. ಮೈಲಿ ಓಟ ಈಗ 1,600 ಮೀಟರ್ ಆಗಿದೆ, ಅಲ್ಲೂ ಒಂಬತ್ತು ಮೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಕಡಿತವಾಗಿದೆ. ಇನ್ನು ಸ್ಟಾಪ್‌ವಾಚ್. ಕೈಯಲ್ಲಿ ಒತ್ತುವವರು ಗನ್ ಶಬ್ದ, ಹೊಗೆ ನೋಡಿ ಒತ್ತುವಷ್ಟರಲ್ಲಿ ಓಟ ಶುರುವಾಗಿರುತ್ತದೆ. ಹಾಗಾಗಿ ಕೈಯಲ್ಲಿ ಒತ್ತಿದ ಸ್ಟಾಪ್‌ವಾಚ್‌ನ ಟೈಮ್ ಯಾವಾಗಲೂ ಸ್ವಲ್ಪ ಚೆನ್ನಾಗಿಯೇ ಕಾಣುತ್ತದೆ. ಎಲೆಕ್ಟ್ರಾನಿಕ್ ಟೈಮ್ ಜೊತೆ ಹೋಲಿಸಲು 100 ಮೀಟರ್‌ಗೆ 0.24 ಸೆಕೆಂಡ್ ಕೂಡಿಸಿ ನೋಡುವುದು ಒಪ್ಪಿತ ಪದ್ಧತಿ. ಬಾಸ್ಕೆಟ್‌ಬಾಲ್‌ನಲ್ಲಿ ಹೈಸ್ಕೂಲ್ ಮಟ್ಟಕ್ಕೆ ಮೂರು ಪಾಯಿಂಟ್ ಗೆರೆ ಎಲ್ಲ ಕಡೆ ಬಂದಿದ್ದು 1987-88ರ ಸೀಸನ್‌ನಲ್ಲಿ, ಅದಕ್ಕೆ ಹಿಂದಿನವರು ಎಷ್ಟು ದೂರದಿಂದ ಹಾಕಿದರೂ ಎರಡೇ. ಇದನ್ನೆಲ್ಲ ಶೀಟ್‌ನ ಪಕ್ಕದ ಕಾಲಂನಲ್ಲಿ ಬರೆದಿಟ್ಟೆ. ಇಲ್ಲದಿದ್ದರೆ ಹೊಸಬರು ಯಾವಾಗಲೂ ಗೆಲ್ಲುತ್ತಾರೆ.

ಹುಡುಗಿಯರ ಚೌಕಗಳಂತೂ ಪೂರ್ತಿ ಖಾಲಿ. ಟೈಟಲ್ ನೈನ್ ಕಾನೂನು ಬಂದಿದ್ದೇ 1972ರಲ್ಲಿ. ಸರ್ಕಾರದ ಹಣ ಪಡೆಯುವ ಶಾಲೆಗಳಲ್ಲಿ ಹೆಣ್ಣು ಗಂಡು ಭೇದ ಮಾಡಬಾರದು ಅನ್ನುವ ಕಾನೂನು ಅದು. ಅದಕ್ಕೆ ಮುಂಚೆ ಹುಡುಗಿಯರು ಆಡುತ್ತಿರಲಿಲ್ಲವಾ? ಆಡುತ್ತಿದ್ದರು, ಟೆಕ್ಸಸ್‌ನ ಸಣ್ಣ ಊರುಗಳಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್‌ಗೆ ಜಿಮ್ ತುಂಬುತ್ತಿತ್ತು. ಆದರೆ ಅವರ ಆಟವೇ ಬೇರೆ. ತಂಡಕ್ಕೆ ಆರು ಜನ. ಮೂವರು ಫಾರ್ವರ್ಡ್, ಮೂವರು ಗಾರ್ಡ್. ಫಾರ್ವರ್ಡ್‌ಗಳು ಅಂಕಣದ ಒಂದು ಅರ್ಧದಲ್ಲೇ ಇರಬೇಕು, ಗಾರ್ಡ್‌ಗಳು ಇನ್ನೊಂದು ಅರ್ಧದಲ್ಲಿ. ನಡುಗೆರೆ ದಾಟುವ ಹಾಗಿಲ್ಲ. ಗಾರ್ಡ್ ಬಾಲ್ ಕಸಿದುಕೊಂಡರೂ ಗೆರೆಯವರೆಗೆ ಬಂದು ಆಚೆ ಇರುವ ಫಾರ್ವರ್ಡ್‌ಗೆ ಎಸೆಯಬೇಕು, ಅಷ್ಟೇ. ಬುಟ್ಟಿಗೆ ಹಾಕುವುದೆಲ್ಲ ಫಾರ್ವರ್ಡ್‌ಗಳ ಕೆಲಸ. ಟೆಕ್ಸಸ್‌ನಲ್ಲಿ ಈ ಆಟ 1970ರ ದಶಕದಲ್ಲೂ ನಡೆದಿತ್ತು.

ಅಂದರೆ ಒಳ್ಳೆಯ ಗಾರ್ಡ್ ನಾಲ್ಕು ವರ್ಷ ಆಡಿ ಮುಗಿಸಿದರೂ ಅವರ ಹೆಸರಿನ ಮುಂದೆ ಒಂದೂ ಪಾಯಿಂಟ್ ಇರುವುದಿಲ್ಲ!

ನಮಗೆ ಅಂಥ ಒಬ್ಬರ ಹೆಸರು ಸಿಕ್ಕಿತು. ಅವರ ಜೊತೆ ಆಡಿದ ಫಾರ್ವರ್ಡ್ ಒಬ್ಬರನ್ನು ಗೌರವಕ್ಕೆ ಆರಿಸಿ ಫೋನ್ ಮಾಡಿದ್ದೆವು. ಆಕೆ ಸಂತೋಷಪಟ್ಟು, ಆಮೇಲೆ ಕೇಳಿದರು, "ಗೆದ್ದಿದ್ದು ಅವಳಿಂದ, ಅವಳನ್ನು ಯಾಕೆ ಬಿಟ್ಟಿರಿ?" ಕಮಿಟಿಯಲ್ಲಿ ಹೇಳಿದರೆ, ಸರಿ, ಏನು ಆಧಾರ ಅಂತ ಪ್ರಶ್ನೆ. ಸ್ಕೋರ್‌ಬುಕ್‌ನಲ್ಲಿ ಗಾರ್ಡ್‌ಗಳ ಹೆಸರಿನ ಮುಂದೆ ಇರುವುದು ಫೌಲ್ ಮಾತ್ರ. ಆಗ ನಾನು ತಿರುಗಿಸಿ ನೋಡಿದೆ. ಎದುರಾಳಿ ಫಾರ್ವರ್ಡ್‌ಗಳು ಬೇರೆ ತಂಡಗಳ ಮೇಲೆ ಎಷ್ಟು ಹೊಡೆದರು, ಇವರ ಮೇಲೆ ಎಷ್ಟು ಹೊಡೆದರು? ಹಳೆಯ ಊರಿನ ಪತ್ರಿಕೆಗಳಲ್ಲಿ ಪಂದ್ಯದ ಸ್ಕೋರ್ ಇರುತ್ತದೆ. ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಸ್‌ನವರು ಪೋರ್ಟಲ್ ಟು ಟೆಕ್ಸಸ್ ಹಿಸ್ಟರಿ ಅಂತ ನಡೆಸುತ್ತಾರೆ, ಅದೊಂದು ವೆಬ್‌ಸೈಟ್, ಅಲ್ಲಿ ಇಂಥ ಪತ್ರಿಕೆಗಳು, ಶಾಲೆಗಳು ವರ್ಷವರ್ಷ ತರುವ ಫೋಟೋ ಪುಸ್ತಕಗಳು, ಅಂದರೆ ಇಯರ್‌ಬುಕ್‌ಗಳು ಹೇರಳವಾಗಿ ಇವೆ, ಉಚಿತವಾಗಿ. ಸಂಜೆಗಳೆಲ್ಲ ಅದರಲ್ಲೇ ಕಳೆದೆ. ಬೇರೆಯವರ ಮೇಲೆ ಇಪ್ಪತ್ತು ಮೂವತ್ತು ಹೊಡೆಯುತ್ತಿದ್ದ ಹುಡುಗಿಯರು ಇವರ ಎದುರು ಹತ್ತು ದಾಟಲು ಒದ್ದಾಡಿದ್ದು ಕಾಲಂನಲ್ಲಿ ಸಾಲಾಗಿ ಕಂಡಿತು. ಆ ಶೀಟ್ ತೋರಿಸಿದ ಮೇಲೆ ಯಾರೂ ಚರ್ಚೆ ಮಾಡಲಿಲ್ಲ. ಫಲಕದ ಮೇಲೆ ಏನು ಬರೆಯೋಣ ಅಂತ ಆ ಅಜ್ಜಿಯನ್ನೇ ಕೇಳಿದೆವು. "ಪಾಯಿಂಟ್: ಸೊನ್ನೆ ಅಂತ ದೊಡ್ಡದಾಗಿ ಹಾಕಿ" ಅಂತ ನಕ್ಕರು. ಹಾಗೇ ಹಾಕಿದೆವು.

ಇದಕ್ಕಿಂತ ಕಷ್ಟದ್ದು ಕಪ್ಪು ಜನರ ಹಳೆಯ ಶಾಲೆಗಳ ವಿಷಯ. ಶಾಲೆಗಳು ಬಣ್ಣದ ಮೇಲೆ ಬೇರೆ ಬೇರೆಯಾಗಿದ್ದ ಕಾಲದಲ್ಲಿ ಯುಐಎಲ್ ಬಿಳಿಯರ ಶಾಲೆಗಳಿಗೆ ಮಾತ್ರ. ಕಪ್ಪು ಮಕ್ಕಳ ಶಾಲೆಗಳಿಗೆ ಪಿವಿಐಎಲ್ ಅಂತ ಬೇರೆ ಲೀಗ್ ಇತ್ತು, 1920ರಿಂದ 1970ರವರೆಗೆ. ಆ ಲೀಗ್‌ನಿಂದ ಬಂದವರೇನು ಸಾಮಾನ್ಯರಲ್ಲ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಅನ್ನುವ ವೃತ್ತಿಪರ ಫುಟ್‌ಬಾಲ್ ತಂಡದ ಹೆಸರಾಂತ ಆಟಗಾರ ಜೋ ಗ್ರೀನ್ ಓದಿದ್ದು ಟೆಂಪಲ್ ಊರಿನ ಡನ್‌ಬಾರ್ ಹೈಸ್ಕೂಲಿನಲ್ಲಿ. ಬೋಮಾಂಟ್ ಊರಿನ ಇನ್ನೊಬ್ಬ ವೃತ್ತಿಪರ ಆಟಗಾರ ಬಬ್ಬಾ ಸ್ಮಿತ್‌ಗೆ ಹೈಸ್ಕೂಲಿನಲ್ಲಿ ಕೋಚ್ ಆಗಿದ್ದವರು ಸ್ವಂತ ತಂದೆ ವಿಲ್ಲಿ ರೇ ಸ್ಮಿತ್. ಆ ಕೋಚ್ ಹೆಸರಿನಲ್ಲೇ ಇಂದಿಗೂ ಆ ಭಾಗದ ಹೈಸ್ಕೂಲ್ ಫುಟ್‌ಬಾಲ್ ಆಟಗಾರರಿಗೆ ಪ್ರಶಸ್ತಿ ಕೊಡುತ್ತಾರೆ. ಆದರೆ ಶಾಲೆಗಳು ಒಂದಾದಾಗ ಮುಚ್ಚಿದ್ದು ಹೆಚ್ಚಾಗಿ ಕಪ್ಪು ಮಕ್ಕಳ ಶಾಲೆಗಳೇ. ಟ್ರೋಫಿ, ಫೋಟೋ, ಸ್ಕೋರ್‌ಬುಕ್ ಎಷ್ಟೋ ಕಡೆ ಕಸಕ್ಕೆ ಹೋದವು. ಬಿಳಿಯರ ಪತ್ರಿಕೆಗಳು ಆ ಪಂದ್ಯಗಳನ್ನು ಬರೆದಿದ್ದೇ ಕಡಿಮೆ. ಇಲ್ಲಿ ನನ್ನ ಎಕ್ಸೆಲ್ ನಡೆಯಲಿಲ್ಲ. ಆ ಕಡೆಯ ಚರ್ಚ್‌ಗೆ ಹೋಗಿ, ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಕೂತು, ಹಿರಿಯರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡೆವು. ಮನೆಯ ಅಟ್ಟದಿಂದ ಇಯರ್‌ಬುಕ್ ತಂದು ತೋರಿಸಿದರು. ಒಬ್ಬರೇ ಹೇಳಿದ್ದಾದರೆ ಸಾಲದು, ಬೇರೆ ಬೇರೆ ಮನೆಯ ಇಬ್ಬರು ಒಂದೇ ವಿಷಯ ಹೇಳಿದರೆ, ಅಥವಾ ಒಂದು ಫೋಟೋ ಸಿಕ್ಕರೆ, ಸಾಕು ಅಂತ ನಿಯಮ ಸಡಿಲಿಸಿದೆವು. ದಾಖಲೆ ಇಟ್ಟುಕೊಳ್ಳದ ತಪ್ಪು ಆಟಗಾರರದ್ದಲ್ಲವಲ್ಲ.

ಕೋಚ್‌ಗಳ ಆಯ್ಕೆಯಲ್ಲಿ ಗೆದ್ದ ಪಂದ್ಯಗಳ ಲೆಕ್ಕವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ದೊಡ್ಡ ಶಾಲೆ, ಜಾಸ್ತಿ ಮಕ್ಕಳು, ಒಳ್ಳೆಯ ಬ್ಯಾಚ್ ಬಂದರೆ ಯಾರಾದರೂ ಗೆಲ್ಲಬಹುದು. ನಾವು ಬೆಂಚ್ ಮೇಲೆ ಕೂತಿದ್ದ ಆಟಗಾರರಿಗೆ ಫೋನ್ ಮಾಡುತ್ತೇವೆ. ಸ್ಟಾರ್‌ಗಳು ಕೋಚ್ ಬಗ್ಗೆ ಹೇಗೂ ಒಳ್ಳೆಯದೇ ಹೇಳುತ್ತಾರೆ. ಪಂದ್ಯದಲ್ಲಿ ಇಳಿಯದೇ ಇದ್ದ ಹುಡುಗ ಇಪ್ಪತ್ತು ವರ್ಷ ಆದ ಮೇಲೆ ಕೋಚ್ ಬಗ್ಗೆ ಏನು ಹೇಳುತ್ತಾನೆ ಅನ್ನುವುದರ ಮೇಲೆ ನನ್ನ ವೋಟು. ಮತ್ತೆ ಸಹಾಯಕ ಕೋಚ್‌ಗಳು. ಹೆಡ್ ಕೋಚ್‌ಗಳು ಬರುತ್ತಾರೆ, ಹೋಗುತ್ತಾರೆ, ಇವರು ಮೂವತ್ತು ವರ್ಷ ಏಳನೇ ಕ್ಲಾಸಿನ ಮಕ್ಕಳಿಗೆ ಹರ್ಡಲ್ಸ್ ಹಾರುವುದು ಕಲಿಸುತ್ತಾ ಅಲ್ಲೇ ಇರುತ್ತಾರೆ. ಇವರ ಹೆಸರು ಯಾರೂ ಬರೆದುಕೊಡುವುದಿಲ್ಲ.

ಬೆನ್ನಿಗೆ ನಿಂತವರ ವಿಭಾಗದಲ್ಲಿ ಒಂದು ಅಪಾಯ ಇದೆ. ಸ್ಕೋರ್‌ಬೋರ್ಡ್‌ಗೆ ದುಡ್ಡು ಕೊಟ್ಟವರ ಹೆಸರು ತಾನಾಗಿ ಮೇಲೆ ಬರುತ್ತದೆ. ಅವರಿಗೆ ಸ್ಕೋರ್‌ಬೋರ್ಡ್ ಮೇಲೆಯೇ ಜಾಹೀರಾತು ಇರುತ್ತದಲ್ಲ, ಮತ್ತೆ ಫಲಕ ಯಾಕೆ? ದೇಣಿಗೆ ಒಂದೇ ಕಾರಣಕ್ಕೆ ಯಾರನ್ನೂ ಆರಿಸಬಾರದು ಅಂತ ಒಂದು ಸಾಲು ಸೇರಿಸಿದೆವು. ಕೆಲವರ ಮುಖ ಸಪ್ಪಗಾಯಿತು. ಆಮೇಲೆ ಬಂದ ಹೆಸರುಗಳು ನೋಡಿ: ದೂರದ ಪಂದ್ಯಗಳಿಗೆ ತಂಡದ ಬಸ್ ಓಡಿಸಿದವರು, ಫುಟ್‌ಬಾಲ್ ತಂಡ ಎಷ್ಟು ಮುಂದೆ ಹೋಯಿತು ಅಂತ ಅಳೆಯಲು ಮೈದಾನದ ಅಂಚಿನಲ್ಲಿ ಹತ್ತು ಗಜದ ಚೈನ್ ಹಿಡಿದು ನಿಲ್ಲುವವರು, ಮೈಕ್ ಮುಂದೆ ಕೂತು ಎದುರು ತಂಡದ ಮಕ್ಕಳ ಹೆಸರನ್ನೂ ಸರಿಯಾಗಿ ಕೇಳಿಕೊಂಡು ಬಂದು ಹೇಳುತ್ತಿದ್ದ ಅನೌನ್ಸರ್. ನನ್ನ ಮಗಳ ಹೆಸರನ್ನು ತಪ್ಪಿಲ್ಲದೆ ಕೂಗಿದ ಒಬ್ಬರೇ ಮನುಷ್ಯ ಅವರು, ಅವರಿಗೆ ಎರಡು ವೋಟು ಹಾಕುವ ಅವಕಾಶ ಇದ್ದಿದ್ದರೆ ಹಾಕುತ್ತಿದ್ದೆ.

ಕಾರ್ಯಕ್ರಮದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಾಫ್‌ಟೈಮ್‌ನಲ್ಲಿ ಹೆಸರು ಕೂಗಿ ಕೈ ಬೀಸಿಸುವುದು ಮಾತ್ರ ಇರಲಿ, ಭಾಷಣ ಬೇಡ. ಭಾಷಣ ಮರುದಿನದ ಊಟದಲ್ಲಿ. ನಮ್ಮ ಕಡೆಯ ಸನ್ಮಾನ ಸಮಾರಂಭಗಳಲ್ಲಿ ವೇದಿಕೆಯ ಮೇಲಿದ್ದವರಿಗೆಲ್ಲ ಶಾಲು ಹೊದಿಸಿ ಮುಗಿಸುವಷ್ಟರಲ್ಲಿ ಸನ್ಮಾನಿತರಿಗೆ ನಿದ್ದೆ ಬಂದಿರುತ್ತದಲ್ಲ, ಇಲ್ಲೂ ಹಾಗೇ ಆಗುವುದಿತ್ತು. ಅದಕ್ಕೆ ಬೋರ್ಡ್ ಸದಸ್ಯರಿಗೆ ಮಾತಾಡಲು ಅವಕಾಶ ಇಲ್ಲ ಅಂತ ಮಾಡಿದೆವು, ಗೌರವ ಪಡೆಯುವವರು, ಅವರನ್ನು ಪರಿಚಯಿಸುವವರು, ಇಷ್ಟೇ. ಟಿಕೆಟ್ ಹಣದಲ್ಲಿ ಊಟದ ಖರ್ಚು, ಬೂಸ್ಟರ್ ಕ್ಲಬ್ ಹಣದಲ್ಲಿ ಫಲಕ. ಗೌರವ ಪಡೆಯುವವರ ಮನೆಯವರಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ವಯಸ್ಸಾದವರನ್ನು ಮೊದಲು ಆರಿಸಿ, ನಲವತ್ತರ ಕ್ವಾರ್ಟರ್‌ಬ್ಯಾಕ್ ಇನ್ನೂ ಐದು ವರ್ಷ ಕಾಯಬಹುದು.

ಈ ವರ್ಷದ ಜಗಳ ಈಗಾಗಲೇ ಶುರುವಾಗಿದೆ. ಪಂದ್ಯಗಳಲ್ಲಿ ನುಡಿಸುವ ಶಾಲೆಯ ಬ್ಯಾಂಡ್‌ನ ನಿವೃತ್ತ ಡೈರೆಕ್ಟರ್ ಒಬ್ಬರ ಹೆಸರು ಬಂದಿದೆ. ಅವರು ಕ್ರೀಡೆಯವರಲ್ಲ ಅಂತ ಅರ್ಧ ಕಮಿಟಿ, ಅವರ ಬ್ಯಾಂಡ್‌ನ ಮಕ್ಕಳಷ್ಟು ಶುಕ್ರವಾರಗಳನ್ನು ಆ ಮೈದಾನದಲ್ಲಿ ಕಳೆದವರು ಇನ್ಯಾರಿದ್ದಾರೆ ಅಂತ ಇನ್ನರ್ಧ. ನಾನು ಎರಡನೆಯ ಅರ್ಧದಲ್ಲಿದ್ದೇನೆ. ಮುಂದಿನ ಸಭೆಗೆ ಶೀಟ್ ತಯಾರಾಗುತ್ತಿದೆ.