ಮನೆಯಲ್ಲೇ ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ನನ್ನ ಅನುಭವ

ಎಂಜಿನ್ ಆಯಿಲ್ ನೋಡಲು ಡಿಪ್‌ಸ್ಟಿಕ್ ಇರುತ್ತದೆ. ಮ್ಯಾನುವಲ್ ಗೇರ್‌ಬಾಕ್ಸ್‌ಗೆ ಬಹುತೇಕ ಕಾರುಗಳಲ್ಲಿ ಅದೂ ಇಲ್ಲ. ಕಣ್ಣಿಗೆ ಬೀಳದ್ದರಿಂದಲೇ ಅದು ವರ್ಷಗಟ್ಟಲೆ ಯಾರ ನೆನಪಿಗೂ ಬರುವುದಿಲ್ಲ. ಡಿಸೆಂಬರಿನ ಮುಂಜಾವಿನಲ್ಲಿ ನಮ್ಮ ಹಳೆಯ ಹ್ಯಾಚ್‌ಬ್ಯಾಕ್‌ನ ಎರಡನೇ ಗೇರ್ ಬೀಳಲು ಹಟ ಮಾಡತೊಡಗಿದಾಗ, ಕ್ಲಚ್ಚನ್ನು ದೂಷಿಸುವ ಮೊದಲು ಆಯಿಲನ್ನೇ ನೋಡೋಣವೆಂದುಕೊಂಡೆ. ಅನುಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ಮಳೆಗಾಲದಲ್ಲಿ ಹೊರವರ್ತುಲ ರಸ್ತೆಯಲ್ಲಿ ನಿಂತ ನೀರಿಗೆ ಕಾರು ಇಳಿದಿತ್ತು. ಗೇರ್‌ಬಾಕ್ಸ್‌ಗೆ ಉಸಿರಾಡಲು ಬ್ರೀದರ್ ಎಂಬ ಸಣ್ಣ ಕಿಂಡಿ ಇರುತ್ತದೆ. ಬಿಸಿಯಾದ ಪೆಟ್ಟಿಗೆ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ಆ ಕಿಂಡಿಯಿಂದಲೋ ಸೀಲುಗಳ ಅಂಚಿನಿಂದಲೋ ನೀರು ಒಳಸೇರಬಹುದು.

ಆಯಿಲ್ ಮತ್ತು ಹೊಸ ವಾಷರುಗಳನ್ನು ಬೆಂಗಳೂರಿನ ವಾಹನ ಬಿಡಿಭಾಗಗಳ ಪೇಟೆಯಾದ ಜೆ.ಸಿ. ರಸ್ತೆಯಿಂದ ತಂದೆ. ಕಾರಿನ ಕೈಪಿಡಿ ಕೇಳಿದ್ದು 75ಡಬ್ಲ್ಯು-80 ಎಂಬ ದಪ್ಪದ, ಜಿಎಲ್-4 ಎಂಬ ದರ್ಜೆಯ ಆಯಿಲ್. ಅಂಗಡಿಯಾತ ಜಿಎಲ್-5 ಮುಂದಿಟ್ಟು, ಸಂಖ್ಯೆ ದೊಡ್ಡದಿರುವುದರಿಂದ ಇದೇ ಉತ್ತಮವೆಂದು ವಾದಿಸಿದ. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಹಟ ಹಿಡಿಯಬೇಕಾದ ಜಾಗ ಇದೊಂದೇ. ಜಿಎಲ್-5 ಮುಖ್ಯವಾಗಿ ಹೈಪಾಯ್ಡ್ ಡಿಫರೆನ್ಷಿಯಲ್‌ಗಳ (ಚಕ್ರಗಳಿಗೆ ಶಕ್ತಿ ಹಂಚುವ ಒಂದು ಬಗೆಯ ಗೇರ್ ಜೋಡಣೆ) ವಿಪರೀತ ಒತ್ತಡವನ್ನು ತಡೆಯಲು ಹುಟ್ಟಿದ ದರ್ಜೆ. ಅದರಲ್ಲಿ ಗಂಧಕ-ರಂಜಕದ ಸೇರ್ಪಡೆಗಳು ಹೆಚ್ಚು. ಅವುಗಳಲ್ಲಿ ಕೆಲವು ಹಿತ್ತಾಳೆಯ ಸಿಂಕ್ರೊನೈಸರ್ ಉಂಗುರಗಳನ್ನು ನಿಧಾನವಾಗಿ ತಿನ್ನಬಲ್ಲವು. ಅಲ್ಲದೆ, ಆ ಉಂಗುರ ಗೇರಿನ ವೇಗವನ್ನು ಹೊಂದಿಸುವುದು ಘರ್ಷಣೆಯಿಂದಲೇ ಆದ್ದರಿಂದ, ಅಲ್ಲಿ ಅತಿಯಾದ ಜಾರಿಕೆಯೂ ಬೇಡ.

ಕೆಲಸ ನಡೆದದ್ದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಏಕೆಂದರೆ ನಮ್ಮ ಬೀದಿಯಲ್ಲಿ ಸಮತಟ್ಟಾದ ನೆಲವೇ ಇಲ್ಲ. ಆಯಿಲ್ ತೆಳುವಾಗಿ, ತಳದ ಕಸವೂ ಜೊತೆಗೆ ಹರಿದು ಬರಲೆಂದು ಮೊದಲು ಕಾರನ್ನು ಬಡಾವಣೆಯ ಸುತ್ತ ಓಡಿಸಿ ಬೆಚ್ಚಗಾಗಿಸಿದೆ. ಬಳಿಕ ನಾಲ್ಕೂ ಕಡೆ ಎತ್ತಿ ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿದೆ. ಬರೀ ಜಾಕಿನ ಆಸರೆಯಲ್ಲಿ ಕಾರಿನಡಿ ಯಾರೂ ತಲೆ ಹಾಕಬಾರದು. ಮುಂಭಾಗವನ್ನಷ್ಟೇ ಎತ್ತಿದರೆ ಆಯಿಲಿನ ಮಟ್ಟವೂ ತಪ್ಪಾಗಿ ಕಾಣುತ್ತದೆ.

ಮೊದಲು ಬಿಚ್ಚಬೇಕಾದದ್ದು ಆಯಿಲ್ ಹೊರಬಿಡುವ ಕೆಳಗಿನ ಡ್ರೈನ್ ಪ್ಲಗ್ ಅಲ್ಲ, ಆಯಿಲ್ ತುಂಬುವ ರಂಧ್ರಕ್ಕೆ ಹಾಕಿದ ಪಕ್ಕದ ಫಿಲ್ಲರ್ ಪ್ಲಗ್. ಕೆಳಗಿನದನ್ನು ಬಿಚ್ಚಿ ಆಯಿಲೆಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಕದಲದಿದ್ದರೆ, ಕಾರು ಗ್ಯಾರೇಜಿಗೂ ಹೋಗಲಾರದೆ ಅಲ್ಲೇ ನಿಲ್ಲುತ್ತದೆ. ನಮ್ಮ ಕಾರಿನಲ್ಲಿ ಆ ರಂಧ್ರದ ಕೆಳ ಅಂಚೇ ಆಯಿಲಿನ ಅಳತೆ. ಬೆರಳು ಬಾಗಿಸಿ ಒಳಗಿಟ್ಟು ನೋಡಿದರೆ ಆಯಿಲ್ ಅಂಚಿಗಿಂತ ತುಸು ಕೆಳಗಿತ್ತು, ಚಕ್ರಕ್ಕೆ ಶಕ್ತಿ ಒಯ್ಯುವ ಎಡಗಡೆಯ ಡ್ರೈವ್‌ಶಾಫ್ಟ್‌ನ ಸೀಲಿನ ಸುತ್ತ ಜಿಡ್ಡು ಕಟ್ಟಿತ್ತು. ಸೀಲನ್ನು ಆಮೇಲೆ ಮೆಕ್ಯಾನಿಕ್‌ನಿಂದ ಹಾಕಿಸಿದೆ.

ಸುರಿದು ಬಂದ ಆಯಿಲನ್ನು ಟಾರ್ಚ್ ಬೆಳಕಿನಲ್ಲಿ ನೋಡುವುದರಲ್ಲೇ ನಾನು ಹೆಚ್ಚು ಹೊತ್ತು ಕಳೆದೆ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ ಎಂದರ್ಥ. ನಮ್ಮದು ಕಪ್ಪಾಗಿದ್ದರೂ ತಿಳಿಯಾಗಿತ್ತು. ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಲೇಪ ಅಂಟಿತ್ತು. ಅದು ಸಹಜ ಸವೆತ. ಚೂರುಗಳೋ ಹಲ್ಲಿನ ತುಂಡುಗಳೋ ಸಿಕ್ಕಿದ್ದರೆ ಹೊಸ ಆಯಿಲ್ ಹಾಕಿ ಫಲವಿರಲಿಲ್ಲ.

ಹೊಸ ವಾಷರ್‌ನೊಂದಿಗೆ ಡ್ರೈನ್ ಪ್ಲಗ್ಗನ್ನು ಟಾರ್ಕ್ ರೆಂಚ್‌ನಿಂದ ಕೈಪಿಡಿ ಹೇಳಿದಷ್ಟೇ ಬಿಗಿದೆ, ಏಕೆಂದರೆ ಅಲ್ಯೂಮಿನಿಯಂ ಕವಚದ ತಿರುಪಿನ ಎಳೆಗಳು ಬೇಗ ಕಿತ್ತುಬರುತ್ತವೆ. ಬಾನೆಟ್ ಕಡೆಯಿಂದ ಉದ್ದನೆಯ ಪೈಪು, ಆಲಿಕೆ ಇಟ್ಟು, ರಂಧ್ರದಿಂದ ಹೊರಗೆ ಜಿನುಗುವವರೆಗೆ ಹೊಸ ಆಯಿಲ್ ತುಂಬಿದೆ. ದಪ್ಪನೆಯ ದ್ರವವಾದ್ದರಿಂದ ಇದಕ್ಕೆ ತಾಳ್ಮೆ ಬೇಕು. ಹಳೆಯದನ್ನು ಕ್ಯಾನಿಗೆ ತುಂಬಿ, ಬಳಸಿದ ಆಯಿಲನ್ನು ಮರುಸಂಸ್ಕರಣೆಗೆ ಕಳುಹಿಸುವ ಗ್ಯಾರೇಜಿಗೆ ಕೊಟ್ಟೆ. ಚರಂಡಿಗೆ ಸುರಿದರೆ ಅದು ರಾಜಕಾಲುವೆ ಹಿಡಿದು ಯಾವುದಾದರೂ ಕೆರೆಯನ್ನೇ ಸೇರುತ್ತದೆ.

ಮುಂಜಾವಿನಲ್ಲಿ ಎರಡನೇ ಗೇರ್ ಈಗ ಬಹುಮಟ್ಟಿಗೆ ಸಲೀಸಾಗಿ ಬೀಳುತ್ತದೆ. ರಿವರ್ಸ್ ಹಾಕುವಾಗಿನ ಕರಕರ ಸದ್ದು ಮಾತ್ರ ಹೋಗಿಲ್ಲ. ಆ ಗೇರಿಗೆ ನಮ್ಮ ಕಾರಿನಲ್ಲಿ ಸಿಂಕ್ರೊನೈಸರ್ ಇಲ್ಲದ್ದರಿಂದ ಆಯಿಲ್ ಅಲ್ಲಿ ಏನೂ ಮಾಡಲಾರದು. ಕ್ಲಚ್ ಒತ್ತಿ ಒಂದೆರಡು ಕ್ಷಣ ತಡೆದು ಹಾಕಿದರೆ ಸದ್ದು ಬರುವುದಿಲ್ಲ.