ಹೋರಿಯಿಲ್ಲದ ಊರಿನಲ್ಲಿ ಗಿಡ್ಡ ಸಾಕಿದ್ದು

ನಮ್ಮ ಕೊಟ್ಟಿಗೆಯಲ್ಲಿ ಈಗ ಮಲೆನಾಡು ಗಿಡ್ಡ ಎಂಬ ನಾಟಿ ತಳಿಯ ಹನ್ನೊಂದು ದನಗಳಿವೆ. ಆರು ಹಸು, ಎರಡು ಕಡಸು, ಎರಡು ಕರು, ಒಂದು ಹೋರಿ. ನೋಡಲು ಬಂದವರೆಲ್ಲ ಮೊದಲು ಕೇಳುವುದು ಎಷ್ಟು ಹಾಲು ಕೊಡುತ್ತವೆ ಎಂದು. ಎರಡನೆಯದು, ತುಪ್ಪ ಮಾರುತ್ತೀರಾ ಎಂದು. ಹತ್ತು ವರ್ಷಗಳಲ್ಲಿ ‘ಹೋರಿಯನ್ನು ಎಲ್ಲಿಂದ ತಂದಿರಿ?’ ಎಂದು ಕೇಳಿದವರು ಇಬ್ಬರೇ. ಇಬ್ಬರೂ ಗಿಡ್ಡ ಸಾಕಲು ಹೋಗಿ ಒಮ್ಮೆ ಕೈಸುಟ್ಟುಕೊಂಡವರು.

ನಮ್ಮದು ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ, ಮೇಲುಗಡೆ ಸೊಪ್ಪಿನ ಬೆಟ್ಟ. ನಾನು ಸೊಸೆಯಾಗಿ ಈ ಮನೆಗೆ ಬಂದಾಗ ಕೊಟ್ಟಿಗೆಯ ತುಂಬ ಗಿಡ್ಡಗಳಿದ್ದವು. ಬೆಳಿಗ್ಗೆ ಕಣ್ಣಿ ಬಿಚ್ಚಿದರೆ ತಾವೇ ಬೆಟ್ಟ ಹತ್ತಿ, ಸಂಜೆ ತಾವೇ ಇಳಿದು ಬರುತ್ತಿದ್ದವು. ಅವಕ್ಕೆ ಯಾರೂ ಹೋರಿ ಹುಡುಕಿದ್ದಿಲ್ಲ. ಊರಿನ ಪ್ರತಿ ಮನೆಯಲ್ಲೂ ಗಿಡ್ಡವೇ ಇದ್ದುದರಿಂದ ಬೆಟ್ಟದಲ್ಲಿ ಯಾವುದೋ ಒಂದು ಹೋರಿ ಸಿಕ್ಕೇ ಸಿಗುತ್ತಿತ್ತು. ಆಮೇಲೆ ಗದ್ದೆಗೆ ಟಿಲ್ಲರ್ ಬಂತು, ಎತ್ತು ಬೇಡವಾಯಿತು. ಎತ್ತು ಬೇಡವಾದ ಮೇಲೆ ಗಂಡು ಕರು ಬೇಡವಾಯಿತು. ಗಂಡು ಕರು ಬೇಡವಾದ ಊರಿನಲ್ಲಿ ಹೋರಿ ಉಳಿಯುವುದು ಹೇಗೆ? ಡೈರಿಗೆ ಹಾಲು ಹಾಕುವ ಆಸೆಗೆ ನಾವೂ ಎಲ್ಲವನ್ನೂ ಕೊಟ್ಟು ಎರಡು ಜರ್ಸಿ ಮಿಶ್ರತಳಿಯ ಹಸುಗಳನ್ನು ತಂದೆವು.

ಜರ್ಸಿಗಳ ಕಥೆಯನ್ನು ಉದ್ದ ಮಾಡುವುದಿಲ್ಲ. ಹಾಲು ಚೆನ್ನಾಗಿಯೇ ಕೊಟ್ಟವು. ಆದರೆ ನಮ್ಮ ಮಳೆಗೆ, ನಮ್ಮ ಏರುತಗ್ಗಿಗೆ ಆ ಮೈ ಒಗ್ಗಲಿಲ್ಲ. ಒಂದು ಕೆಚ್ಚಲು ಬಾವಿನಿಂದ ಎರಡು ಮೊಲೆ ಕಳೆದುಕೊಂಡಿತು. ಇನ್ನೊಂದು ಆಷಾಢದಲ್ಲಿ ಧರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಮೇಲಿಂದ ಜಾರಿ ಕಾಲು ಮುರಿದುಕೊಂಡಿತು. ಹಿಂಡಿಯ ಲೆಕ್ಕ ಬರೆದಿಡುತ್ತಿದ್ದ ಯಜಮಾನರು ಒಂದು ದಿನ ಪುಸ್ತಕ ಮುಚ್ಚಿ, ಇನ್ನು ಇದನ್ನು ನೀನೇ ಬರೆ ಎಂದು ನನ್ನ ಕಡೆ ತಳ್ಳಿದರು. ಅತ್ತೆಗೆ ಹಾಲಿಗಿಂತ ಗೊಬ್ಬರದ ಚಿಂತೆ. ‘ಮೂರು ಗಿಡ್ಡ ತಂದು ಕಟ್ಟು, ತೋಟ ಬದುಕುತ್ತದೆ’ ಎಂದರು. ನನ್ನ ಬಳೆ ಮಾರಿದ ದುಡ್ಡಿನಲ್ಲಿ ಮೂರು ಬಂದವು: ಕೆಂಪಿ, ಕಾಳಿ, ಗೌರಿ. ಮೂರಕ್ಕೂ ಸೇರಿ ಒಂದು ಜರ್ಸಿಯ ಬೆಲೆಯ ಅರ್ಧವೂ ಆಗಲಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಗಿಡ್ಡದ ಬೆನ್ನು ನನ್ನ ಸೊಂಟದ ಮಟ್ಟಕ್ಕೆ ಬರುತ್ತದೆ, ಅಷ್ಟೇ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ ಪಟ್ಟಿಯಲ್ಲಿ ಹಳ್ಳಿಕಾರ್, ಅಮೃತಮಹಲ್‌ಗಳ ಜೊತೆಗೆ ಇದಕ್ಕೂ ಪ್ರತ್ಯೇಕ ತಳಿಯ ಸ್ಥಾನವಿದೆ. ಹಳಬರು ಇದನ್ನು ವರ್ಷಗಂಧಿ ಎನ್ನುತ್ತಾರೆ, ವರ್ಷಕ್ಕೊಂದು ಕರು ಹಾಕುತ್ತದೆ ಎಂಬ ಅರ್ಥದಲ್ಲಿ. ನನ್ನ ಹಸುಗಳು ಆ ಹೆಸರಿಗೆ ಪೂರ್ತಿ ನ್ಯಾಯ ಒದಗಿಸಿಲ್ಲ. ಹದಿನಾಲ್ಕು, ಹದಿನೈದು ತಿಂಗಳಿಗೊಂದು ಕರು ಹಾಕುತ್ತವೆ. ಕರುವಿಗೆ ಬಿಟ್ಟು ನಮಗೆ ಸಿಗುವುದು ದಿನಕ್ಕೆ ಒಂದೂವರೆ, ಹೆಚ್ಚೆಂದರೆ ಎರಡು ಲೀಟರ್ ಹಾಲು. ಇದನ್ನು ನಂಬಿ ಡೈರಿಯ ಲೆಕ್ಕ ಹಾಕುವವರು ಇಲ್ಲಿಯೇ ಓದು ನಿಲ್ಲಿಸಬಹುದು.

ಮೊದಲ ವರ್ಷ ನಾನು ಹಳೆಯ ಕಾಲದವಳಂತೆಯೇ ಅವುಗಳನ್ನು ಬೆಟ್ಟಕ್ಕೆ ಬಿಟ್ಟೆ. ಬೆಟ್ಟದಲ್ಲಿ ಹೋರಿಗಳೇನೋ ಇದ್ದವು. ಆದರೆ ಅವು ಯಾರೋ ಸಾಕಲಾರದೆ ಬಿಟ್ಟುಹೋದ ಮಿಶ್ರತಳಿಯ ಹೋರಿಗಳು, ಗಿಡ್ಡದ ಎರಡರಷ್ಟು ಗಾತ್ರ. ಕೆಂಪಿ ಗಬ್ಬವಾದಳು. ಸಂಭ್ರಮಪಟ್ಟೆವು. ಕರುವಿನ ಅಪ್ಪ ಯಾರೆಂದು ಯಾರೂ ಯೋಚಿಸಲಿಲ್ಲ.

ಜುಲೈ ತಿಂಗಳ ರಾತ್ರಿ. ಕರೆಂಟು ಹೋಗಿ ಮೂರು ದಿನ, ರಸ್ತೆಗೆ ಮರ ಬಿದ್ದಿದೆ, ಕೆಂಪಿ ಸಂಜೆಯಿಂದ ತಿಣುಕುತ್ತಿದ್ದಾಳೆ. ಗಿಡ್ಡ ಸಾಮಾನ್ಯವಾಗಿ ಯಾರ ಸಹಾಯವೂ ಇಲ್ಲದೆ ಹೆರುತ್ತದೆ. ಬೆಳಿಗ್ಗೆ ಎದ್ದು ನೋಡುವಾಗ ಕರು ನಿಂತಿರುತ್ತದೆ. ಇಲ್ಲಿ ಎರಡು ಗೊರಸು ಕಂಡು ಎರಡು ಗಂಟೆಯಾದರೂ ಮೂಗು ಕಾಣಲಿಲ್ಲ. ಸಿಗ್ನಲ್ ಸಿಗುವ ಗುಡ್ಡದ ತುದಿಗೆ ಮಗ ಓಡಿ, ನಿವೃತ್ತರಾದ ಪಶುವೈದ್ಯರೊಬ್ಬರಿಗೆ ಫೋನು ಮಾಡಿ, ಅವರು ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡು ಬಂದ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಒಳಗೆ ತಡವಿ ನೋಡಬೇಕು, ತಲೆ ಎರಡು ಮುಂಗಾಲುಗಳ ಮೇಲೆ ನೇರವಾಗಿದ್ದರೆ ಮಾತ್ರ ಎಳೆಯಬೇಕು. ಹಸು ತಿಣುಕಿದಾಗ ಎಳೆಯಬೇಕು, ಅದು ನಿಲ್ಲಿಸಿದಾಗ ನಾವೂ ನಿಲ್ಲಿಸಬೇಕು. ಎರಡು ಕಾಲನ್ನೂ ಒಟ್ಟಿಗೆ ಜಗ್ಗದೆ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ತರಬೇಕು, ತಲೆ ಹೊರಬಂದ ಮೇಲೆ ಹಸುವಿನ ಹಿಂಗಾಲಿನ ಕಡೆಗೆ ಬಾಗಿಸಿ ಎಳೆಯಬೇಕು. ತಲೆ ನೇರವಾಗಿಯೇ ಇತ್ತು. ಲಾಟೀನಿನ ಬೆಳಕಿನಲ್ಲಿ ನಾನು ಮತ್ತು ಮಗ ಇಷ್ಟನ್ನೂ ಮಾಡಿದೆವು. ಕರು ಬಂತು, ಆದರೆ ಜೀವ ಇರಲಿಲ್ಲ. ಅಂಥ ದೊಡ್ಡ ಕರುವನ್ನು ಅಷ್ಟು ಚಿಕ್ಕ ಹಸುವಿನ ಹೊಟ್ಟೆಯಲ್ಲಿ ಇಟ್ಟವರು ನಾವೇ. ಕೆಂಪಿ ಹತ್ತು ದಿನ ಸರಿಯಾಗಿ ಎದ್ದು ನಿಲ್ಲಲಿಲ್ಲ. ದಿನಕ್ಕೆ ನಾಲ್ಕು ಸಲ ಮಗ್ಗುಲು ಬದಲಾಯಿಸಿ, ಹುಲ್ಲಿನ ದಪ್ಪ ಹಾಸಿಗೆ ಮಾಡಿ ಉಳಿಸಿಕೊಂಡೆವು.

ಆ ಮಳೆಗಾಲ ಮುಗಿದ ಮೇಲೆ ಹೋರಿ ಹುಡುಕಲು ಹೊರಟೆ. ಹೆಂಗಸು ಹೋರಿ ಕೇಳಿಕೊಂಡು ಮನೆ ಮನೆ ತಿರುಗುವುದನ್ನು ನೋಡಿ ನಕ್ಕವರು ಕಡಿಮೆಯಲ್ಲ. ಕೊನೆಗೆ ಪರಿಚಯದ ಮನೆಯೊಂದರಲ್ಲಿ ಎರಡು ವರ್ಷದ ಕಪ್ಪು ಹೋರಿಯೊಂದು ಸಿಕ್ಕಿತು. ತಾಯಿಯನ್ನು ನೋಡಿದೆ, ಕೆಚ್ಚಲು ನೋಡಿದೆ, ಗೊರಸು ನೋಡಿದೆ. ಚಿಕ್ಕ ತಲೆ, ಬಿಗಿಯಾದ ಮೈ. ಭೈರ ಎಂದು ಹೆಸರಿಟ್ಟೆವು. ಎದೆಯೆತ್ತರದ ಬೇಲಿಯನ್ನು ನಿಂತಲ್ಲಿಂದಲೇ ಹಾರುತ್ತಿದ್ದ. ತೋಟದ ಬೇಲಿಯ ವಿಚಾರದಲ್ಲಿ ಅವನೊಂದಿಗೆ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಭೈರನ ಕರುಗಳು ನೋಡುವಂತಿದ್ದವು. ಹೆರಿಗೆಗಳೆಲ್ಲ ಸಲೀಸು. ನನಗೆ ಅಹಂಕಾರ ಬಂತು, ಎರಡನೆಯ ತಪ್ಪಿಗೆ ದಾರಿಯಾಯಿತು. ಭೈರನ ಮೊದಲ ಮಗಳು ಬೆಳ್ಳಿ ಎರಡೂವರೆ ವರ್ಷಕ್ಕೆ ಬೆದೆಗೆ ಬಂದಾಗ ಭೈರ ಅದೇ ಕೊಟ್ಟಿಗೆಯಲ್ಲಿದ್ದ. ಅತ್ತೆ ಎಚ್ಚರಿಸಿದ್ದರು, ‘ಅಪ್ಪನಿಗೇ ಬಿಡಬೇಡ’ ಎಂದು. ಬೆಟ್ಟದಲ್ಲಿ ದನಗಳಿಗೆ ಸಂಬಂಧ ಗೊತ್ತಿರುತ್ತದೆಯೇ ಎಂದು ನಾನು ವಾದಿಸಿದೆ. ಬೆಳ್ಳಿಯ ಕರು ಬೆಕ್ಕಿನ ಮರಿಯಷ್ಟು ಹಗುರ, ಹಿಂಗಾಲಿನಲ್ಲಿ ಬಲವಿಲ್ಲ. ಬಾಟಲಿಯಲ್ಲಿ ಗಿಣ್ಣು ಕುಡಿಸಿದೆ. ಒಂಬತ್ತನೆಯ ದಿನ ಹೋಯಿತು.

ಆಮೇಲೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ನೆಂಟರ ಹುಡುಗನೊಬ್ಬ ಕಾಗದದ ಮೇಲೆ ಗೀಟು ಎಳೆದು ತೋರಿಸಿದ. ಅಪ್ಪ ಮಗಳು ಕೂಡಿದರೆ ಹುಟ್ಟುವ ಕರುವಿನಲ್ಲಿ, ಲೆಕ್ಕದ ಪ್ರಕಾರ, ನಾಲ್ಕರಲ್ಲಿ ಒಂದು ಪಾಲು ಗುಣಗಳು ಎರಡೂ ಕಡೆಯಿಂದ ಒಂದೇ ಪ್ರತಿಯಾಗಿ ಬಂದಿರುತ್ತವೆ. ಒಂದೇ ಅಪ್ಪನ, ಬೇರೆ ತಾಯಂದಿರ ಮಕ್ಕಳು ಕೂಡಿದರೆ ಎಂಟರಲ್ಲಿ ಒಂದು ಪಾಲು. ಅಡಗಿ ಕುಳಿತ ಕೆಟ್ಟ ಗುಣವೊಂದು ಎರಡೂ ಕಡೆಯಿಂದ ಬಂದು ಜೋಡಿಯಾದರೆ ಮೇಲೆದ್ದು ಕಾಣುತ್ತದೆ. ಹಳೆಯ ಬೆಟ್ಟದಲ್ಲಿ ಇದು ಸಮಸ್ಯೆಯಾಗದೇ ಇದ್ದದ್ದು ದನಗಳಿಗೆ ಸಂಬಂಧ ಗೊತ್ತಿದ್ದುದರಿಂದಲ್ಲ, ನಾಲ್ಕಾರು ಊರಿನ ಹತ್ತಾರು ಹೋರಿಗಳು ಅಲ್ಲಿ ಮೇಯುತ್ತಿದ್ದುದರಿಂದ. ಒಂದೇ ಹೋರಿಯ ಕೊಟ್ಟಿಗೆಯಲ್ಲಿ ಆ ಕೆಲಸವನ್ನು ಪುಸ್ತಕ ಮಾಡಬೇಕು.

ಅಂದಿನಿಂದ ಹಿಂಡಿಯ ಲೆಕ್ಕದ ಪುಸ್ತಕವೇ ವಂಶಾವಳಿಯ ಪುಸ್ತಕವೂ ಆಯಿತು. ಪ್ರತಿ ದನಕ್ಕೆ ಒಂದು ಪುಟ: ತಾಯಿ, ತಂದೆ, ಹುಟ್ಟಿದ ದಿನ, ಬೆದೆಗೆ ಬಂದ ದಿನ, ಹೋರಿ ಕೊಟ್ಟ ದಿನ. ಭೈರನನ್ನು ತೀರ್ಥಹಳ್ಳಿ ಕಡೆಯ ಒಂದು ಮನೆಯ ಹೋರಿಯ ಜೊತೆ ಅದಲುಬದಲು ಮಾಡಿಕೊಂಡೆವು. ದುಡ್ಡಿನ ಮಾತಿಲ್ಲ, ಹೋರಿಗೆ ಹೋರಿ. ಈಗ ಹೀಗೆ ನಾಲ್ಕು ಮನೆಗಳಿವೆ. ಮೂರು ವರ್ಷಕ್ಕೊಮ್ಮೆ, ಹೆಣ್ಣು ಮಕ್ಕಳು ಬೆದೆಗೆ ಬರುವ ಮೊದಲೇ, ಹೋರಿ ಮುಂದಿನ ಮನೆಗೆ ಹೋಗುತ್ತದೆ. ಬರುವ ಹೋರಿಗೆ ಕಂದುರೋಗದ, ಅಂದರೆ ಬ್ರುಸೆಲ್ಲಾದ, ರಕ್ತಪರೀಕ್ಷೆ ಮಾಡಿಸದೆ ಯಾರೂ ಒಳಗೆ ಬಿಡುವುದಿಲ್ಲ. ಪರೀಕ್ಷೆಯಾದ ಮೇಲೂ ಒಂದು ತಿಂಗಳು ಬೇರೆ ಕಟ್ಟುತ್ತೇವೆ. ಮೊದಲ ಸಲ ಇದನ್ನು ಹೇಳಿದಾಗ, ‘ಅಳಿಯನಿಗೂ ಇಷ್ಟು ಪರೀಕ್ಷೆ ಮಾಡಿಸಿರಲಿಲ್ಲ’ ಎಂದು ತೀರ್ಥಹಳ್ಳಿಯ ಹಿರಿಯರು ಗೊಣಗಿದ್ದರು.

ಬೆದೆ ಗುರುತಿಸುವುದು ಕಲಿತೇ ಬರಬೇಕಾದ ವಿದ್ಯೆ. ಇಪ್ಪತ್ತೊಂದು ದಿನಕ್ಕೊಮ್ಮೆ ಬರುವ ಬೆದೆ ಒಂದು ದಿನವೂ ಪೂರ್ತಿ ನಿಲ್ಲುವುದಿಲ್ಲ. ಮಳೆಗಾಲದಲ್ಲಂತೂ ಗಿಡ್ಡ ಕೂಗುವುದೂ ಕಡಿಮೆ. ಬಾಲದ ಬುಡದಲ್ಲಿ ಗಾಜಿನ ಎಳೆಯಂಥ ಲೋಳೆ, ಮೇವಿನ ಕಡೆ ಅಸಡ್ಡೆ, ಪಕ್ಕದವಳ ಮೇಲೆ ಹತ್ತುವುದು, ಇಷ್ಟೇ ಸೂಚನೆ. ಹೋರಿ ಕೊಟ್ಟ ಮೇಲೆ ಇಪ್ಪತ್ತೊಂದನೆಯ ದಿನ, ನಲವತ್ತೆರಡನೆಯ ದಿನ ಕಣ್ಣಿಟ್ಟು ಕಾಯುತ್ತೇನೆ. ಬೆದೆ ಮರಳದಿದ್ದರೆ ಗಬ್ಬ ಎಂದುಕೊಳ್ಳುತ್ತೇನೆ. ನನ್ನ ಸೋದರಳಿಯ ಆಸ್ಟ್ರೇಲಿಯಾದಲ್ಲಿ ಅಲ್ಪಾಕ ಸಾಕುವವರ ಜಮೀನಿನಲ್ಲಿ ಕೆಲವು ಕಾಲ ಕೆಲಸ ಮಾಡಿದ. ಆಂಡಿಸ್ ಬೆಟ್ಟದ, ಉಣ್ಣೆಗಾಗಿ ಸಾಕುವ, ಒಂಟೆಯ ಕುಲದ ಪುಟ್ಟ ಪ್ರಾಣಿ ಅದು. ಅದರಲ್ಲಿ ಹೆಣ್ಣಿಗೆ ನಮ್ಮ ಹಸುವಿನಂತೆ ಬೆದೆಯ ಸುತ್ತೇ ಇಲ್ಲವಂತೆ, ಗಂಡು ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುವುದಂತೆ. ಗಬ್ಬ ನಿಂತಿದೆಯೋ ಇಲ್ಲವೋ ತಿಳಿಯಲು ಮತ್ತೆ ಗಂಡನ್ನು ಹತ್ತಿರ ತರುತ್ತಾರೆ, ನಿಂತಿದ್ದರೆ ಹೆಣ್ಣು ಅದರ ಮುಖಕ್ಕೆ ಉಗಿಯುತ್ತದೆ. ಕಾಳಿಗೆ ಆ ವಿದ್ಯೆ ಗೊತ್ತಿದ್ದರೆ ನನಗೆ ಎಷ್ಟು ಅನುಕೂಲವಾಗುತ್ತಿತ್ತು! ‘ನಮ್ಮಲ್ಲೂ ತಂದು ಸಾಕಬಹುದಲ್ಲ ಅತ್ತೆ’ ಎಂದ. ಒಣ ಚಳಿಯ ಎತ್ತರದಲ್ಲಿ ಬೆಳೆದ ಆ ಉಣ್ಣೆಯ ಮೈಯನ್ನು ನಮ್ಮ ಜುಲೈ ತಿಂಗಳಲ್ಲಿ ನಿಲ್ಲಿಸಿ ನೋಡು ಎಂದೆ. ಜರ್ಸಿಯ ಪಾಠ ಒಮ್ಮೆ ಕಲಿತದ್ದು ಸಾಕು.

ಕರು ಹುಟ್ಟುವ ಕಾಲವನ್ನು ನಾವೇ ಆರಿಸಿಕೊಳ್ಳಬೇಕು ಎಂಬುದು ನನಗೆ ತಡವಾಗಿ ಹೊಳೆದದ್ದು. ಆಷಾಢದಲ್ಲಿ ಹುಟ್ಟಿದ ಕರು ಒದ್ದೆ ನೆಲ, ಭೇದಿ, ಕೆಮ್ಮು ಎಂದು ಕೊರಗುತ್ತದೆ. ಹಸು ಗಬ್ಬವಿರುವುದು ಸುಮಾರು 280 ದಿನ, ಅತ್ತೆಯ ಲೆಕ್ಕದಲ್ಲಿ ಒಂಬತ್ತು ತಿಂಗಳು ಒಂಬತ್ತು ದಿನ. ಆದ್ದರಿಂದ ಸಾಧ್ಯವಾದಷ್ಟೂ ಹೋರಿಯನ್ನು ಜನವರಿ, ಫೆಬ್ರವರಿಯಲ್ಲಿ ಮಾತ್ರ ಬಿಡುತ್ತೇನೆ. ಕರುಗಳು ದೀಪಾವಳಿಯ ಆಸುಪಾಸಿನಲ್ಲಿ ಬರುತ್ತವೆ. ಮಳೆ ಹಿಂದಾಗಿರುತ್ತದೆ, ಹಸಿರು ಉಳಿದಿರುತ್ತದೆ, ಸ್ವಲ್ಪ ದಿನದಲ್ಲೇ ಹೊಸ ಹುಲ್ಲು ಮನೆಗೆ ಬರುತ್ತದೆ. ಹಬ್ಬದ ದಿನ ದನಗಳ ಮೈಗೆ ಕೆಮ್ಮಣ್ಣು, ಜೇಡಿಯ ಮುದ್ರೆ ಒತ್ತಿ, ಅಡಿಕೆ ಸರ ಕಟ್ಟುವಾಗ ಕೊಟ್ಟಿಗೆಯಲ್ಲಿ ಎಳೆಗರು ಇದ್ದರೆ ಅದರ ಕೊರಳಿಗೂ ಒಂದು ಪುಟ್ಟ ಸರ ಬೀಳುತ್ತದೆ. ಅರ್ಧ ಗಂಟೆಯಲ್ಲಿ ಅದನ್ನು ಅದೇ ತಿಂದು ಮುಗಿಸಿರುತ್ತದೆ.

ಹುಟ್ಟಿದ ಕರುವಿಗೆ ಎರಡು ಗಂಟೆಯೊಳಗೆ ಗಿಣ್ಣು ಕುಡಿಸಲೇಬೇಕು. ಮಾಸು ಬೀಳುವವರೆಗೆ ಗಿಣ್ಣು ಕೊಡಬಾರದೆಂಬ ಮಾತನ್ನು ನಮ್ಮ ಕಡೆ ಈಗಲೂ ಹೇಳುವವರಿದ್ದಾರೆ. ಅದನ್ನು ಕೇಳಿ ಕರುವನ್ನು ಕಾಯಿಸಿದರೆ, ರೋಗ ತಡೆಯುವ ಶಕ್ತಿಯನ್ನು ಹೀರಿಕೊಳ್ಳುವ ಅದರ ಕರುಳಿನ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತಾ ಹೋಗುತ್ತದೆ. ಹೊಕ್ಕುಳಿಗೆ ಅಯೋಡಿನ್, ಹದಿನೈದನೆಯ ದಿನದ ಹೊತ್ತಿಗೆ ವೈದ್ಯರು ಹೇಳಿದ ಜಂತುಹುಳದ ಔಷಧ. ದೊಡ್ಡ ದನಗಳಿಗೆ ಕಾಲುಬಾಯಿ, ಗಳಲೆ ಮತ್ತು ಚಪ್ಪೆ ರೋಗದ ಲಸಿಕೆ ತಪ್ಪಿಸುವುದಿಲ್ಲ. ನಾಟಿ ತಳಿಗೆ ಏನೂ ಬರುವುದಿಲ್ಲ ಎಂಬ ಜಂಬದ ಮಾತನ್ನು ನಂಬಬೇಡಿ. ಗದ್ದೆಯ ಬಸವನಹುಳು ಸಾಗಿಸುವ ಪಿತ್ತಕೋಶದ ಹುಳುವಿನಿಂದ ಗೌರಿಯ ಗದ್ದದ ಕೆಳಗೆ ನೀರಿನ ಚೀಲ ಇಳಿದಿತ್ತು. ಅಂದಿನಿಂದ ಕೊಯ್ಲಾದ ಕೆಸರುಗದ್ದೆಗೆ ದನ ಬಿಡುವುದನ್ನು ನಿಲ್ಲಿಸಿದ್ದೇನೆ.

ಉಣುಗಿನ ವಿಚಾರ ಇನ್ನೂ ದೊಡ್ಡದು, ಏಕೆಂದರೆ ಅದು ನಮ್ಮ ಜೀವಕ್ಕೇ ಬರುತ್ತದೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ದನಕ್ಕೆ ಆ ಕಾಯಿಲೆ ಬರುವುದಿಲ್ಲ. ಆದರೆ ಮಳೆಗಾಲದಲ್ಲಿ ಬಲಿತ ಉಣುಗುಗಳು ದನದ ರಕ್ತ ಕುಡಿದು ಉದುರಿ ಮೊಟ್ಟೆಯಿಡುತ್ತವೆ, ಬೇಸಗೆಯಲ್ಲಿ ಅವುಗಳ ಸಂತತಿಯ ಕಣ್ಣಿಗೆ ಕಾಣದಂಥ ಮರಿಗಳು ಮನುಷ್ಯರಿಗೆ ಹತ್ತುತ್ತವೆ. ಡಿಸೆಂಬರಿನಿಂದ ಮೇ ತನಕ ದರಕು, ಅಂದರೆ ಒಣ ಎಲೆ, ಗುಡಿಸಲು ಕಾಡಿಗೆ ಹೋಗುವವರು ನಮ್ಮ ಮನೆಯಲ್ಲಿ ಮೈಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳದೆ ಹೊರಡುವಂತಿಲ್ಲ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬೇರೆ. ದನಗಳ ಕಿವಿಯ ಒಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿನಲ್ಲಿ ಸಂಜೆ ಸಂಜೆ ಕೈಯಾಡಿಸುತ್ತೇನೆ. ಮಂಗ ಸತ್ತ ಸುದ್ದಿ ಬಂದರೆ ಆ ಕಡೆಯ ಬೆಟ್ಟಕ್ಕೆ ದನ ಬಿಡುವುದಿಲ್ಲ, ಎಷ್ಟು ದಿನವಾದರೂ ಕಟ್ಟಿ ಮೇಯಿಸುತ್ತೇನೆ.

ಗಂಡು ಕರುಗಳಿಗೆ ಏನು ಮಾಡುತ್ತೀರಿ ಎಂದು ಕೇಳಿದರೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಹುಟ್ಟಿದ ಏಳು ಗಂಡಿನಲ್ಲಿ ಎರಡು ಹೋರಿಗಳಾಗಿ ಬೇರೆ ಮನೆಗಳಿಗೆ ಹೋದವು. ಎರಡಕ್ಕೆ ಬೀಜ ಒಡೆಸಿ, ಗಾಡಿ ಇಟ್ಟುಕೊಂಡಿರುವ ಒಬ್ಬರಿಗೆ ಕೊಟ್ಟೆವು. ಒಂದನ್ನು ಚಿರತೆ ಒಯ್ದಿತು. ಉಳಿದ ಎರಡನ್ನು ಸುಮ್ಮನೆ ಸಾಕಿದೆವು, ಸಗಣಿಗಾಗಿ. ಮೊನ್ನೆ ಮೊನ್ನೆ ಅವೂ ಗೊಬ್ಬರಕ್ಕೆ ದನ ಹುಡುಕುತ್ತಿದ್ದ ಒಂದು ತೋಟದ ಮನೆ ಸೇರಿದವು. ಯಜಮಾನರು ಅದನ್ನು ನಷ್ಟದ ಬಾಬ್ತಿನಲ್ಲಿ ಬರೆಯುತ್ತಾರೆ. ತೋಟಕ್ಕೆ ಹೊರಗಿನಿಂದ ಗೊಬ್ಬರ ತರಿಸುವುದು ನಿಂತು ಆರು ವರ್ಷವಾಯಿತು, ಅದನ್ನು ಎಲ್ಲಿ ಬರೆಯುತ್ತೀರಿ ಎಂದು ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತಾರೆ.

ಬೆಳ್ಳಿ ಆಮೇಲೆ ಮೂರು ಒಳ್ಳೆಯ ಕರು ಹಾಕಿದಳು. ಅವಳ ಹಿರಿಮಗಳು ತುಂಗೆ ಕಳೆದ ಗುರುವಾರ ಮೊದಲ ಸಲ ಬೆದೆಗೆ ಬಂದಳು. ಪುಸ್ತಕ ತೆಗೆದು ನೋಡಿದೆ: ಈಗಿರುವ ಹೋರಿ ಅವಳಿಗೆ ಅಪ್ಪನೂ ಅಲ್ಲ, ಅಣ್ಣನೂ ಅಲ್ಲ. ಬಿಟ್ಟೆ. ದಿನ ಎಣಿಸಿದರೆ ಅಕ್ಟೋಬರ್ ಕೊನೆಯ ವಾರಕ್ಕೆ ಬರುತ್ತದೆ. ಅಷ್ಟರೊಳಗೆ ಕೊಟ್ಟಿಗೆಯ ಪಡುವಣ ಬದಿಗೆ ಹೊಸ ಬಾಗಿಲು ಕೂರಿಸಬೇಕು. ಚಿರತೆ ಬಂದದ್ದು ಆ ಕಡೆಯಿಂದಲೇ.