ಬೋಟಿನ ಕ್ಲೀಟ್ ಅಲ್ಲಾಡ್ತಿದ್ರೆ ಬರೀ ನಟ್ ಬಿಗಿ ಮಾಡಿ ಬಿಟ್ಬಿಡ್ಬೇಡಿ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆ ಬಂದ್ ಇರತ್ತಲ್ಲ, ಬೋಟ್ ಮೇಲೆ ಎಳೆದಿಟ್ಟಿರೋ ಆ 61 ದಿನದಲ್ಲೇ ಕ್ಲೀಟ್ (ಹಗ್ಗ ಕಟ್ಟೋಕೆ ಡೆಕ್ ಮೇಲೆ, ಅಂದ್ರೆ ಬೋಟಿನ ಮೇಲ್ಹಾಸಿಗೆ, ಬೋಲ್ಟ್ ಹಾಕಿ ಕೂರಿಸಿರೋ ಲೋಹದ ಗೂಟ) ರಿಪೇರಿ ಕೆಲ್ಸ ಮುಗಿಸ್ಕೊಳ್ಳಿ. ನಾನು ಹೇಳ್ತಿರೋದು ಡೆಕ್ ಒಳಗೆ ಪ್ಲೈವುಡ್ ಇಟ್ಟು ಮೇಲೂ ಕೆಳಗೂ ಫೈಬರ್ ಹೊದಿಸಿರೋ ಬೋಟ್ ಬಗ್ಗೆ, ಮರದ ಬೋಟಿನ ಲೆಕ್ಕ ಬೇರೆ.

ನಮ್ಮ ಬೋಟಿನ ಮುಂದಿನ ಕ್ಲೀಟ್ ಅಲ್ಲಾಡೋಕೆ ಶುರುವಾದಾಗ ನಾನೂ ಸ್ಪ್ಯಾನರ್ ಹಿಡ್ಕೊಂಡು ಅರ್ಧ ಸುತ್ತು ತಿರುಗಿಸಿ ಸುಮ್ಮನಾಗಿದ್ದೆ, ಹದಿನೈದು ದಿನಕ್ಕೆ ಮತ್ತೆ ಲೂಸು. ಕೊನೆಗೆ ಬೋಲ್ಟ್ ಬಿಚ್ಚಿದ್ರೆ ತೂತಿಂದ ಚಹಾ ಬಣ್ಣದ ನೀರು ಇಳೀತು, ಒದ್ದೆ ಗೋಣಿಚೀಲದ ವಾಸನೆ ಬೇರೆ. ಒಳಗಿನ ಪ್ಲೈವುಡ್ ಕೊಳೆತು ಮೆತ್ತಗಾಗಿತ್ತು, ನಾನು ಬಿಗಿ ಮಾಡಿದಷ್ಟೂ ಅದು ಕುಗ್ತಾ ಹೋಗಿದೆ ಅಷ್ಟೆ.

ಹಾಗಾಗಿ ಮೊದ್ಲು ಸ್ಕ್ರೂಡ್ರೈವರ್ ಹಿಡಿ ಕಡೆಯಿಂದ ಕ್ಲೀಟ್ ಸುತ್ತ ತಟ್ಟಿ ನೋಡಿ. ಟಣ್ ಅಂದ್ರೆ ಗಟ್ಟಿ, ಡಬ್ ಅಂದ್ರೆ ಒಳಗೆ ಕೊಳೆತಿದೆ. ಒಂದು ಅಡಿಗಿಂತ ಜಾಸ್ತಿ ಜಾಗ ಡಬ್ ಅಂತಿದ್ರೆ ಮೇಲಿನ ಫೈಬರ್ ಕುಯ್ದು ಪ್ಲೈವುಡ್ಡೇ ಬದಲಾಯಿಸ್ಬೇಕು, ಅದಕ್ಕೆ ಮೇಸ್ತ್ರಿನೇ ಕರೀರಿ.

ತೂತಿನ ಸುತ್ತ ಮಾತ್ರ ಹಾಳಾಗಿದ್ರೆ ನಾವೇ ಮಾಡ್ಬಹುದು. 8 ಎಂಎಂ ಬೋಲ್ಟ್ ಇದ್ರೆ ತೂತನ್ನ 14-16 ಎಂಎಂಗೆ ದೊಡ್ಡದು ಮಾಡಿ, ಮೊಳೆ ತುದಿ ಬಗ್ಗಿಸಿ ಒಳಗಿನ ಕೊಳೆತ ಮರ ಎಲ್ಲಾ ಕೆರೆದು ತೆಗೀರಿ. ಆಮೇಲೆ ಒಣಗಿಸೋದು, ಎಲ್ರೂ ಅವಸರ ಮಾಡೋದು ಇಲ್ಲೇ. ನಮ್ಮ ಕಡೆ ಜುಲೈ ಹವೆಯಲ್ಲಿ ಬಟ್ಟೆನೇ ಒಣಗಲ್ಲ, ಇನ್ನು ಪ್ಲೈವುಡ್ ಒಣಗತ್ತಾ, ಅದಕ್ಕೇ ಟಾರ್ಪಲ್ ಕೆಳಗೆ ಬಲ್ಬೋ ಹೇರ್ ಡ್ರೈಯರೋ ಇಟ್ಟು ದಿನಗಟ್ಟಲೆ ಒಣಗಿಸಿ, ಒದ್ದೆ ಮರಕ್ಕೆ ಯಾವ ಗೋಂದೂ ಕಚ್ಕೊಳ್ಳಲ್ಲ.

ಒಣಗಿದ್ಮೇಲೆ ಕೆಳಗಡೆ ಟೇಪ್ ಅಂಟಿಸಿ, ಮೊದ್ಲು ತೆಳು ಎಪಾಕ್ಸಿ (ಎರಡು ದ್ರವ ಕಲಸಿದ್ರೆ ಕಲ್ಲಿನ ಹಾಗೆ ಗಟ್ಟಿಯಾಗೋ ಅಂಟು) ಬಿಟ್ಟು ಮರ ಕುಡಿಯೋಕೆ ಬಿಡಿ, ಆಮೇಲೆ ಅದೇ ಎಪಾಕ್ಸಿಗೆ ಸಿಲಿಕಾ ಪೌಡರ್ ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿ, ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ತುಂಬಿಸಿ. ಅಗ್ಗ ಅಂತ ಮಾಮೂಲಿ ಪಾಲಿಯೆಸ್ಟರ್ ರೆಸಿನ್ ಹಾಕ್ಬೇಡಿ, ಹಳೇ ಮರಕ್ಕೆ ಅದರ ಹಿಡಿತ ಕಮ್ಮಿ. ಒಂದು ದಿನ ಬಿಟ್ಟು ಮಧ್ಯದಲ್ಲಿ ಮತ್ತೆ 8 ಎಂಎಂ ತೂತು ಹಾಕಿ. ಈಗ ಬೋಲ್ಟ್ ಸುತ್ತ ಇರೋದು ಎಪಾಕ್ಸಿ, ಮರಕ್ಕೆ ನೀರು ಮುಟ್ಟೋ ದಾರಿನೇ ಇಲ್ಲ. ಮೇಲಿನ ಬಾಯಿನ ಸ್ವಲ್ಪ ಓರೆಯಾಗಿ ಕೆರೆದಿಡಿ, ಆಮೇಲೆ ಹಚ್ಚೋ ಸೀಲೆಂಟ್ (ನೀರು ಒಳಗೆ ಹೋಗದ ಹಾಗೆ ಸಂದು ಮುಚ್ಚೋ ಪೇಸ್ಟ್) ಅಲ್ಲಿ ಉಂಗುರದ ಹಾಗೆ ಕೂತ್ಕೊಳ್ಳತ್ತೆ. ಫೈಬರ್ ಉಜ್ಜುವಾಗ ಮಾಸ್ಕ್ ಹಾಕ್ಕೊಳ್ಳಿ, ಮೈಕೈನೂ ಮುಚ್ಕೊಳ್ಳಿ, ಇಲ್ಲಾಂದ್ರೆ ರಾತ್ರಿಯೆಲ್ಲಾ ಮೈ ಕೆರ್ಕೊಳ್ಳೋದೇ.

ಇನ್ನು ಕೆಳಗಡೆ ಬರೀ ವಾಷರ್ ಸಾಲಲ್ಲ. ಕ್ಲೀಟಿನ ತಳಕ್ಕಿಂತ ಎಲ್ಲಾ ಕಡೆ ಒಂದೆರಡು ಇಂಚು ಹೊರಗೆ ಬರೋ ಹಾಗೆ 5-6 ಎಂಎಂ ಸ್ಟೀಲ್ ಪ್ಲೇಟ್ ಕೊಡಿ, ಮೂಲೆ ಉಜ್ಜಿ ದುಂಡಗೆ ಮಾಡಿ. ಹಗ್ಗ ಜಗ್ಗಿದಾಗ ಭಾರ ಆ ಪ್ಲೇಟ್ ಅಗಲಕ್ಕೆಲ್ಲಾ ಹಂಚಿಹೋಗತ್ತೆ. ಬೋಲ್ಟ್ 316 ಗ್ರೇಡ್ ಸ್ಟೇನ್‌ಲೆಸ್ ಕೇಳಿ ತಗೊಳ್ಳಿ, ಉಪ್ಪು ನೀರಿಗೆ 304 ಗ್ರೇಡ್ ಬೇಗ ತುಕ್ಕು ಹಿಡಿಯತ್ತೆ. ಕ್ಲೀಟ್ ಅಲ್ಯೂಮಿನಿಯಂ ಆಗಿದ್ರೆ ಮಧ್ಯೆ ನೈಲಾನ್ ವಾಷರ್ ಹಾಕಿ, ಎರಡು ಲೋಹ ತಾಗಿದ್ರೆ ಬಿಳಿ ಪುಡಿ ಉದುರೋಕೆ ಶುರುವಾಗತ್ತೆ.

ಕೂರಿಸೋ ಮುಂಚೆ ಅಸಿಟೋನಲ್ಲಿ ಒರೆಸಿ, ಪಾಲಿಯುರೆಥೇನ್ ಸೀಲೆಂಟ್ ಧಾರಾಳವಾಗಿ ಹಚ್ಚಿ (ಬಾತ್‌ರೂಮ್ ಸಿಲಿಕೋನ್ ಬೇಡ ಮಾರಾಯ್ರೆ, ಅದು ಬಿಟ್ಟ ಜಾಗಕ್ಕೆ ಆಮೇಲೆ ಏನೂ ಅಂಟಲ್ಲ). ಮೇಲೆ ಒಬ್ರು ಬೋಲ್ಟ್ ತಲೆ ಅಲ್ಲಾಡದ ಹಾಗೆ ಹಿಡ್ಕೊಳ್ಳಿ, ಕೆಳಗಿಂದ ಇನ್ನೊಬ್ರು ನಟ್ ಮಾತ್ರ ತಿರುಗಿಸಿ, ಬೋಲ್ಟ್ ತಿರುಗಿದ್ರೆ ಅದರ ಸುತ್ತ ಕೂತ ಸೀಲೆಂಟ್ ಕಿತ್ಹೋಗತ್ತೆ. ಸ್ಟೇನ್‌ಲೆಸ್ ನಟ್‌ನ ಮೆಷಿನಲ್ಲಿ ಸ್ಪೀಡಾಗಿ ಬಿಗಿ ಮಾಡಿದ್ರೆ ಅಲ್ಲೇ ಕಚ್ಕೊಂಡುಬಿಡತ್ತೆ, ಕೈಯಲ್ಲೇ ನಿಧಾನಕ್ಕೆ. ಅಂಚಲ್ಲಿ ಸೀಲೆಂಟ್ ಸುತ್ತಲೂ ಉಕ್ಕಿದ್ರೆ ಸರಿಯಾಗಿ ಕೂತಿದೆ ಅಂತ.

ಸೀಲೆಂಟ್ ಪೂರ್ತಿ ಗಟ್ಟಿಯಾದ್ಮೇಲೆ ಕೆಳಗೆ ನಟ್ ಸುತ್ತ ಪೇಪರ್ ಒತ್ತಿಟ್ಟು ಮೇಲಿಂದ ನಾಲ್ಕು ಬಕೆಟ್ ನೀರು ಸುರೀರಿ. ಪೇಪರ್ ಒಣಗೇ ಇದ್ರೆ ಹಗ್ಗ ಕಟ್ಟಬಹುದು.